ಮೊದಲು ತುಂಬಿಸು, ಆಮೇಲೆ ಬಿಗಿ ಮಾಡು

ತುಮಕೂರಿನ ನಮ್ಮ ಬೀದಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳಿದ್ದಾಳೆ. ಮೊನ್ನೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಪ್ರಾಜೆಕ್ಟ್ ರಿಪೋರ್ಟನ್ನು ಲಿನಕ್ಸ್‌ನ ಜಿ-ರಾಫ್‌ನಲ್ಲಿ, ಅಂದರೆ ಬರಹದ ನಡುವೆ ಅಪ್ಪಣೆ ಬರೆದು ಪುಟ ಜೋಡಿಸುವ ಪ್ರೋಗ್ರಾಂನಲ್ಲಿ, ಮಾಡುವ ಹುಚ್ಚು ಅವಳಿಗೆ. ಮೊದಲ ಪುಟದಲ್ಲಿ ಮೂರು ಸಾಲು: ವಿಷಯ, ಹೆಸರು, ಊರು. ಮೊದಲನೆಯದು ಮಾತ್ರ ನಡುವಿಗೆ ಬಂದಿತ್ತು. ಉಳಿದೆರಡು ಒಂದಕ್ಕೊಂದು ಅಂಟಿಕೊಂಡು ಎಡಕ್ಕೆ ಹೋಗಿ ಕೂತಿದ್ದವು. "ಸೆಂಟರ್ ಅಂತ ಹೇಳಿದ್ದೀನಿ ಅಂಕಲ್, ಕೇಳ್ತಾನೇ ಇಲ್ಲ" ಅಂದಳು.

ಕೇಳಿತ್ತು, ಪಾಪ. ನಡುವಿಗೆ ತರುವ ಅಪ್ಪಣೆ 'ಡಾಟ್ ಸಿಇ' (.ce), ಅದು ಮುಂದಿನ ಒಂದು ಸಾಲಿಗೆ ಮಾತ್ರ. ಮೂರಕ್ಕೂ ಬೇಕಿದ್ದರೆ ಪಕ್ಕದಲ್ಲಿ 3 ಅಂತ ಹಾಕಬೇಕು. ಸರಿ, ಆದರೆ ಉಳಿದೆರಡು ಅಂಟಿಕೊಂಡಿದ್ದು ಯಾಕೆ?

ಅದಕ್ಕೆ 1964ಕ್ಕೆ ಹೋಗಬೇಕು. ಎಂಐಟಿಯಲ್ಲಿ ಜೆರೋಮ್ ಸಾಲ್ಟ್‌ಜರ್ ತಮ್ಮ ಪಿಎಚ್‌ಡಿ ಕೆಲಸದ ಬರಹಕ್ಕೆಂದು ರನ್‌ಆಫ್ ಅನ್ನುವ ಪ್ರೋಗ್ರಾಂ ಬರೆದರು. ಚುಕ್ಕಿಯಿಂದ ಶುರುವಾಗುವ ಸಾಲು ಅಪ್ಪಣೆ, ಮಿಕ್ಕಿದ್ದೆಲ್ಲ ಬರಹ. ಸಾಲು ತುಂಬಿಸುವುದಕ್ಕೆ ಒಂದು ಅಪ್ಪಣೆ, ಅಂಚು ಸಮ ಮಾಡುವುದಕ್ಕೆ ಇನ್ನೊಂದು. ಈ ಎರಡನ್ನು ಬೇರೆ ಬೇರೆ ಇಟ್ಟಿದ್ದೇ ಇವತ್ತಿಗೂ ಹೊಸಬರನ್ನು ಕಾಡುವುದು.

ಮೊಳೆ ಜೋಡಿಸುವ ಹಳೇ ಪ್ರೆಸ್ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಕಂಪೋಸಿಟರ್ ಕೈಯಲ್ಲಿ ಹಿಡಿದ ಸ್ಟಿಕ್ಕು ಅನ್ನುವ ಪಟ್ಟಿಯಲ್ಲಿ ಪದಗಳನ್ನು ಒಂದೊಂದಾಗಿ ಕೂರಿಸುತ್ತಾ ಹೋಗುತ್ತಿದ್ದ. ಇನ್ನೊಂದು ಪದ ಹಿಡಿಸುವುದಿಲ್ಲ ಅನ್ನಿಸಿದಾಗ ನಿಲ್ಲಿಸಿ, ಪದಗಳ ನಡುವೆ ತೆಳ್ಳನೆಯ ಸ್ಪೇಸ್ ತೂರಿಸಿ ಸಾಲನ್ನು ಬಿಗಿ ಮಾಡುತ್ತಿದ್ದ. ರನ್‌ಆಫ್‌ನ ವಂಶದ ಜಿ-ರಾಫ್ ಮಾಡುವುದೂ ಅಷ್ಟೇ. ನೀವು ಎಲ್ಲಿ ಎಂಟರ್ ಹೊಡೆದಿರಿ ಅಂತ ನೋಡುವುದಿಲ್ಲ, ಪದ ಎತ್ತಿ ಸಾಲು ತುಂಬಿಸುತ್ತದೆ. ಹುಡುಗಿಯ ಹೆಸರೂ ಊರೂ ಅಂಟಿಕೊಂಡಿದ್ದು ಹೀಗೆ. ತುಂಬಿಸಲೇಬೇಡ ಅನ್ನಲು 'ಡಾಟ್ ಎನ್‌ಎಫ್'. ತುಂಬಿಸು, ಆದರೆ ಬಲ ಅಂಚು ಎಳೆಯಬೇಡ ಅನ್ನಲು 'ಡಾಟ್ ಎನ್‌ಎ'. ಇವೆರಡನ್ನು ಅದಲುಬದಲು ಮಾಡಿಕೊಂಡು ನಾನೇ ಒಂದು ಸಂಜೆ ಹಾಳುಮಾಡಿಕೊಂಡಿದ್ದೇನೆ.

ರನ್‌ಆಫ್‌ನ ಜಾಡಿನಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ರಾಫ್ ಬಂತು. 1971ರಲ್ಲಿ ಅಲ್ಲಿನ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ದಿನವಿಡೀ ಅಲ್ಲೇ ಹುಟ್ಟಿದ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಮುಂದೆ ಕೂತು ಅರ್ಜಿ ಹೊಡೆಯುತ್ತಿದ್ದರು. ಯುನಿಕ್ಸ್ ಉಳಿದುಕೊಂಡಿದ್ದರಲ್ಲಿ ಈ ಗುಮಾಸ್ತಿಕೆಯ ಪಾಲು ಸಣ್ಣದಲ್ಲ. ಆಮೇಲಿನ ಎನ್-ರಾಫ್ ಟೈಪ್‌ರೈಟರ್ ಥರದ ಯಂತ್ರಕ್ಕೆ. ಅಲ್ಲಿ ಅರ್ಧ ಸ್ಪೇಸ್ ಅನ್ನುವುದೇ ಇಲ್ಲ. ಹಾಗಾಗಿ ಹೆಚ್ಚುವರಿ ಸ್ಪೇಸನ್ನು ಒಂದು ಸಾಲಿಗೆ ಎಡದಿಂದ, ಮುಂದಿನದಕ್ಕೆ ಬಲದಿಂದ ಹಂಚುತ್ತಿತ್ತು. ಇಲ್ಲದಿದ್ದರೆ ಪುಟದ ಒಂದೇ ಕಡೆ ಬಿಳಿ ಕಾಲುವೆ ಹರಿದುಬಿಡುತ್ತದೆ. 1973ರ ಹೊತ್ತಿಗೆ ಜೋ ಒಸಾನಾ ಫೋಟೋ ಟೈಪ್‌ಸೆಟರಿಗೆ, ಅಂದರೆ ಬೆಳಕಿನಿಂದ ಅಕ್ಷರ ಮೂಡಿಸುವ ಯಂತ್ರಕ್ಕೆ, ಟಿ-ರಾಫ್ ಬರೆದಾಗ ಇಂಚಿನ 432ನೇ ಒಂದು ಭಾಗದಷ್ಟು ಸಣ್ಣ ಅಳತೆ ಕೈಗೆ ಸಿಕ್ಕಿತು.

ಆದರೂ ಅದು ಒಂದೊಂದೇ ಸಾಲು ನೋಡುವ ಯಂತ್ರ. ಇಡೀ ಪ್ಯಾರಾ ತೂಗಿ ನೋಡಿ ಸಾಲು ಮುರಿಯುವುದು ಡೊನಾಲ್ಡ್ ಕ್ನೂತ್ ಅವರ ಟೆಕ್ ಅನ್ನುವ ಇನ್ನೊಂದು ಪುಟ ಜೋಡಿಸುವ ಪ್ರೋಗ್ರಾಂನ ದಾರಿ. ಉದ್ದ ಪದ ಜಾಸ್ತಿ ಇದ್ದಷ್ಟೂ ಸಾಲಿನಲ್ಲಿ ಬಾಯಿ ಬಿಡುವ ಜಾಗ ಜಾಸ್ತಿ. 'ಹೋಗಬೇಕಾಗಿದ್ದುದರಿಂದ' ಅನ್ನುವಂಥ ಪದಗಳ ನಮ್ಮ ಪತ್ರಿಕೆಗಳ ಕಾಲಂ ನೋಡಿ, ಗೊತ್ತಾಗುತ್ತದೆ. ಕನ್ನಡದ ಒತ್ತಕ್ಷರ ಜೋಡಿಸುವ ವಿದ್ಯೆ ಜಿ-ರಾಫ್‌ಗೆ ಇಲ್ಲ, ಅದು ಬೇರೆ ಮಾತು.

ಕೊನೆಗೆ ಹುಡುಗಿ ಊರು, ತಾರೀಕು ಬಲಕ್ಕೆ ಬೇಕು ಅಂದಳು. ಅದಕ್ಕೆ 'ಡಾಟ್ ಆರ್‌ಜೆ'. ಹಳೇ ಟಿ-ರಾಫ್‌ನಲ್ಲಿ ಇದಿರಲಿಲ್ಲ, ಜೇಮ್ಸ್ ಕ್ಲಾರ್ಕ್ ಶುರು ಮಾಡಿದ ಜಿ-ರಾಫ್‌ನದು. ಇದೂ ಒಂದೇ ಸಾಲಿಗೆ ಅಂತ ನಾನು ಹೇಳುವಷ್ಟರಲ್ಲಿ ಅವಳು ಪಕ್ಕದಲ್ಲಿ 2 ಹೊಡೆದಾಗಿತ್ತು.