ಎಂಜಿನ್ ಮೌಂಟ್: ಸಡಿಲವಾಗಿ ಹಿಡಿಯುವ ವಿದ್ಯೆ

ಎಂಜಿನ್ನನ್ನು ಕಾರಿನ ಒಡಲಿಗೆ ಕೂಡಿಸುವ ರಬ್ಬರ್-ಲೋಹದ ಆಸರೆಯೇ ಎಂಜಿನ್ ಮೌಂಟ್. ನಿಂತ ಕಾರು ನಡುಗತೊಡಗಿದರೆ ಮೌಂಟಿನ ಬೋಲ್ಟನ್ನು ಇನ್ನಷ್ಟು ಬಿಗಿಯಬೇಕೆಂದೂ, ಹೊಸದನ್ನು ಹಾಕುವಾಗ ಆದಷ್ಟು ಗಡಸಾದುದನ್ನೇ ಆರಿಸಬೇಕೆಂದೂ ನಂಬಿರುವವರು ಬಹಳ ಮಂದಿ. ಎರಡೂ ತಪ್ಪು. ಮೌಂಟ್ ಎಂಜಿನ್ನಿನ ಭಾರ ಹೊರುವುದರ ಜೊತೆಗೆ ಅದಕ್ಕೆ ಅಲುಗಾಡುವ ಅವಕಾಶವನ್ನೂ ಕೊಡಬೇಕು. ಆ ಅವಕಾಶ ತಪ್ಪಿದಾಗಲೇ ನಡುಕ ಸ್ಟಿಯರಿಂಗಿಗೂ ಸೀಟಿಗೂ ಹರಿಯುತ್ತದೆ.

ರಬ್ಬರ್ ಪಟ್ಟಿಗೆ ಕಲ್ಲೊಂದನ್ನು ಕಟ್ಟಿ ತೂಗುಬಿಟ್ಟು, ಪಟ್ಟಿ ಹಿಡಿದ ಕೈಯನ್ನು ಮೇಲೆ ಕೆಳಗೆ ಆಡಿಸಿ ನೋಡಿ. ನಿಧಾನವಾಗಿ ಆಡಿಸಿದರೆ ಕಲ್ಲು ಕೈಯೊಂದಿಗೇ ಏರಿಳಿಯುತ್ತದೆ, ಒಂದು ನಿರ್ದಿಷ್ಟ ವೇಗದಲ್ಲಿ ಹುಚ್ಚೆದ್ದು ಕುಣಿಯುತ್ತದೆ, ಅದಕ್ಕಿಂತ ಬಹಳ ಬೇಗ ಆಡಿಸಿದರೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಜೋಕಾಲಿಯೂ ಹಾಗೆಯೇ: ಅದರ ಲಯಕ್ಕೆ ಸರಿಯಾಗಿ ನೂಕಿದರೆ ಮೇಲೇರುತ್ತದೆ, ಲಯ ಮೀರಿ ಪಟಪಟನೆ ತಟ್ಟಿದರೆ ಕದಲುವುದೇ ಇಲ್ಲ. ಈ ಲಯಕ್ಕೆ ಸಹಜ ಆವೃತ್ತಿ ಎಂದು ಹೆಸರು. ಹೊಡೆತದ ಆವೃತ್ತಿ ಇದರ ಸುಮಾರು 1.41 ಪಟ್ಟನ್ನು ಮೀರಿದ ಮೇಲೆಯೇ ರಬ್ಬರ್ ಕಂಪನವನ್ನು ತಗ್ಗಿಸಲಾರಂಭಿಸುತ್ತದೆ.

ನಾಲ್ಕು ಸಿಲಿಂಡರಿನ ಫೋರ್-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಪ್ರತಿ ಸುತ್ತಿನಲ್ಲೂ ಎರಡರಂತೆ ಸೆಕೆಂಡಿಗೆ ಸುಮಾರು 27 ಹೊಡೆತ ಕೊಡುತ್ತದೆ. ಮೌಂಟಿನ ಮೇಲೆ ಕೂತ ಎಂಜಿನ್ನಿನ ಸಹಜ ಆವೃತ್ತಿ 10 ಹರ್ಟ್ಜ್ (ಸೆಕೆಂಡಿಗೆ ಹತ್ತು ಸಲ) ಎಂದಿಟ್ಟುಕೊಂಡರೆ, ಹೊಡೆತದ ಸುಮಾರು ಆರರಲ್ಲೊಂದು ಪಾಲು ಮಾತ್ರ ಕಾರಿನ ಒಡಲಿಗೆ ತಲುಪುತ್ತದೆ. ರಬ್ಬರ್ ನಾಲ್ಕು ಪಟ್ಟು ಗಡಸಾದರೆ ಸಹಜ ಆವೃತ್ತಿ ಎರಡು ಪಟ್ಟಾಗಿ 20 ಹರ್ಟ್ಜ್‌ಗೆ ಏರುತ್ತದೆ. ಆಗ ಕಾರಿನ ಒಡಲಿಗೆ ತಲುಪುವ ಬಲ ಮೂಲ ಹೊಡೆತಕ್ಕಿಂತಲೂ ಹೆಚ್ಚಾಗುತ್ತದೆ! ಬಿಸಿಗೂ ಗಾಳಿಗೂ ವರ್ಷಗಟ್ಟಲೆ ಒಡ್ಡಿಕೊಂಡ ರಬ್ಬರ್ ಗಡಸಾಗುವುದು, ಬಿರಿಯುವುದು, ಲೋಹದಿಂದ ಬಿಟ್ಟುಕೊಂಡು ಕುಸಿಯುವುದು ಎಲ್ಲವೂ ಇದೇ ಲೆಕ್ಕವನ್ನು ಕೆಡಿಸುತ್ತವೆ.

ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿದ ರಬ್ಬರನ್ನು ಕಾಯಿಸಿ ಗಟ್ಟಿಗೊಳಿಸುವ ಬಗೆಯನ್ನು ಕಂಡುಕೊಳ್ಳದಿದ್ದರೆ ಇದಾವುದೂ ಸಾಧ್ಯವಿರಲಿಲ್ಲ. ಆದರೂ ಕಾರು ತಯಾರಕರು ಈ ಸತ್ಯಕ್ಕೆ ಪೂರ್ತಿ ಒಲಿಯಲು ಬಹುಕಾಲ ಹಿಡಿಯಿತು. 1931ರಲ್ಲಿ ಕ್ರೈಸ್ಲರ್ ಕಂಪನಿಯು ತನ್ನ ಪ್ಲಿಮತ್ ಕಾರಿನಲ್ಲಿ, ಎಂಜಿನ್ನಿನ ಗುರುತ್ವಕೇಂದ್ರದ ಮೂಲಕ ಹಾಯುವ ಅಕ್ಷದ ಸುತ್ತ ಅದು ತೊನೆಯುವಂತೆ ರಬ್ಬರಿನ ಮೇಲೆ ಕೂರಿಸಿ, ಆ ಏರ್ಪಾಟಿಗೆ ‘ಫ್ಲೋಟಿಂಗ್ ಪವರ್’ ಎಂದು ಹೆಸರಿಟ್ಟಿತು. ಮರುವರ್ಷವೇ ಸಿಟ್ರೊಎನ್ ಅದನ್ನು ಪರವಾನಗಿ ಪಡೆದು ಬಳಸಿತು. ಆ ಸರಳತೆ ನನಗೆ ಇಂದಿಗೂ ಸೋಜಿಗ.

ಅಡ್ಡಲಾಗಿ ಕೂತ ಎಂಜಿನ್ನಿನ ಸಣ್ಣ ಕಾರುಗಳಲ್ಲಿ ಮೌಂಟುಗಳ ಮೇಲೆ ಮತ್ತೊಂದು ಹೊರೆಯೂ ಬೀಳುತ್ತದೆ. ಎಂಜಿನ್ನಿನ 100 ನ್ಯೂಟನ್-ಮೀಟರ್ ಟಾರ್ಕ್ (ತಿರುವು ಬಲ) ಮೊದಲ ಗೇರಿನಲ್ಲಿ ಒಟ್ಟು 14 ಪಟ್ಟಾದರೆ, ಚಕ್ರಗಳು ಪಡೆಯುವ 1,400 ನ್ಯೂಟನ್-ಮೀಟರಿನಷ್ಟೇ ತಿರುವು ಬಲ ಎಂಜಿನ್ನನ್ನು ಹಿಂದಕ್ಕೆ ತಿರುಚುತ್ತದೆ. ಕ್ಲಚ್ ಬಿಡುವಾಗ ‘ಠಕ್’ ಎನ್ನುವುದು ಬಹುಮಟ್ಟಿಗೆ ಈ ತಿರುಚನ್ನು ತಡೆಯಲಾರದ ಮೌಂಟೇ.

ಮನೆಯಲ್ಲಿ ಬದಲಿಸುವವರು ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಯಿಲ್ ಸಂಪಿನ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯ) ಕೆಳಗೆ ಅಗಲವಾದ ಮರದ ತುಂಡಿಟ್ಟು ಜಾಕ್‌ನಿಂದ ಎಂಜಿನ್ನಿಗೆ ಆಸರೆ ಕೊಡಬೇಕು. ಮೌಂಟ್ ಭಾರ ಕಳೆದುಕೊಂಡರೆ ಸಾಕು, ಎಂಜಿನ್ ಮೇಲೇರಬೇಕಿಲ್ಲ. ಒಂದು ಸಲಕ್ಕೆ ಒಂದೇ ಮೌಂಟನ್ನು ಬಿಚ್ಚುವುದು, ಬೋಲ್ಟುಗಳನ್ನು ಮೊದಲು ಬೆರಳಿನಲ್ಲೇ ತಿರುಗಿಸಿ ಕೂರಿಸುವುದು ಎಲ್ಲರಿಗೂ ತಿಳಿದ ಮಾತು. ಹೆಚ್ಚಿನವರು ಬಿಟ್ಟುಬಿಡುವುದು ಮುಂದಿನ ಹಂತವನ್ನು: ಜಾಕ್ ಇಳಿಸಿ, ಎಂಜಿನ್ನನ್ನು ಕೈಯಿಂದ ತುಸು ಅಲುಗಿಸಿ, ತನ್ನ ಭಾರಕ್ಕೆ ತಾನೇ ನೆಲೆಗೊಳ್ಳಲು ಬಿಟ್ಟ ನಂತರವೇ ತಯಾರಕರ ಕೈಪಿಡಿ ಹೇಳುವ ಟಾರ್ಕಿಗೆ ಬೋಲ್ಟುಗಳನ್ನು ಬಿಗಿಯಬೇಕು. ಎತ್ತಿ ಹಿಡಿದ ಸ್ಥಿತಿಯಲ್ಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ಹೊಸ ಮೌಂಟ್ ಹಾಕಿದರೂ ನಡುಕ ಹೋಗಲಿಲ್ಲವೆಂಬ ದೂರುಗಳಲ್ಲಿ ಹಲವು ಹುಟ್ಟುವುದು ಇಲ್ಲಿಯೇ.