ಹಳೆಯ ಕೋವಿಗೆ ಯಾವ ತೋಟಾ, ಯಾವ ನಳಿಗೆ?

ಪ್ರಶ್ನೆ: ಕೊಡಗಿನಲ್ಲಿದ್ದ ನಮ್ಮ ತಂದೆಯವರ ಹನ್ನೆರಡು ಬೋರಿನ ಜೋಡುನಳಿಗೆ ಕೋವಿ ಈಗ ನನ್ನ ಲೈಸೆನ್ಸಿಗೆ ಸೇರಿ ಪುಣೆಗೆ ಬಂದಿದೆ. ಹನ್ನೆರಡು ಬೋರಿನ ತೋಟಾಗಳನ್ನೆಲ್ಲ ಇದರಲ್ಲಿ ಬಳಸಬಹುದೇ, ಅಥವಾ ತೋಟಾಕ್ಕೆ ತಕ್ಕಂತೆ ನಳಿಗೆ ಬದಲಿಸಬೇಕೇ?

ಉತ್ತರ: ಪುಣೆಯಲ್ಲಿ ನೆಲೆಸಿದ ಕೊಡಗು, ಮಲೆನಾಡಿನ ಕಡೆಯವರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬೋರ್ ಎಂಬುದು ನಳಿಗೆಯ ಒಳವ್ಯಾಸವನ್ನು, ಅಂದರೆ ಸುಮಾರು 18.5 ಮಿ.ಮೀ. ಎಂಬುದನ್ನಷ್ಟೇ ಹೇಳುತ್ತದೆ, ತೋಟಾ ಕೂರುವ ಚೇಂಬರಿನ ಉದ್ದವನ್ನು ಹೇಳುವುದಿಲ್ಲ. ಹಳೆಯ ಕೋವಿಗಳು ಅನೇಕವು 65 ಮಿ.ಮೀ. ಚೇಂಬರಿನವು, ಈಚಿನವು 70 ಅಥವಾ 76ರವು.

ತೋಟಾದ ಡಬ್ಬಿಯ ಮೇಲೆ ಅಚ್ಚಾದ ಉದ್ದ, ಈಡು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಕೋಶದ ಉದ್ದ. ಬಾಯನ್ನು ನಕ್ಷತ್ರದಂತೆ ಮಡಚಿದ 70 ಮಿ.ಮೀ.ನ ಹೊಸ ತೋಟಾವನ್ನೂ ಹಾರಿಸಿದ ಖಾಲಿ ಕೋಶವನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ ನೋಡಿ: ಖಾಲಿಯದು ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರವಿರುತ್ತದೆ. ಆದ್ದರಿಂದಲೇ ಆ ತೋಟಾ 65ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ; ಆದರೆ ಹಾರಿಸಿದಾಗ ಬಿಚ್ಚಿದ ಬಾಯಿ ನಳಿಗೆಯ ಕಿರಿದಾಗುವ ಭಾಗಕ್ಕೆ ನುಗ್ಗಿ, ಚರೆಯ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳ, ದಾರಿಯನ್ನು ಬಿಗಿಮಾಡಿ, ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು. ನಿಮ್ಮ ತಂದೆಯವರು ಬಳಸಿರಬಹುದಾದ ಕೆ.ಎಫ್. ತೋಟಾಗಳು ತಯಾರಾದದ್ದು ನಿಮ್ಮ ಈಗಿನ ಊರಿನಲ್ಲೇ, 1869ರಲ್ಲಿ ಆರಂಭವಾದ ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ. ಅವುಗಳನ್ನು ಕೊಳ್ಳುವಾಗಲೂ ಉದ್ದವನ್ನು ಓದಿಯೇ ಕೊಳ್ಳಬೇಕು.

ಇನ್ನು ಚೋಕ್, ಅಂದರೆ ನಳಿಗೆಯ ಬಾಯಿಯ ಬಳಿಯ ಬಿಗಿತ. 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ, ಚೋಕ್ ಇಲ್ಲದ ನಳಿಗೆ ಸುಮಾರು ಶೇ. 40ರಷ್ಟು ಚರೆಗಳನ್ನೂ ಫುಲ್ ಚೋಕ್ ಸುಮಾರು ಶೇ. 70ರಷ್ಟನ್ನೂ ಹಾಕುತ್ತದೆ. ಜೋಡುನಳಿಗೆ ಕೋವಿಯಲ್ಲಿ ಸಾಮಾನ್ಯವಾಗಿ ಬಲಗಡೆಯದು ಸಡಿಲ, ಎಡಗಡೆಯದು ಬಿಗಿ. ಹತ್ತಿರಕ್ಕೊಂದು, ದೂರಕ್ಕೊಂದು ನಳಿಗೆ ನಿಮ್ಮ ಕೈಯಲ್ಲಿ ಈಗಾಗಲೇ ಇರುವಾಗ, ರೇಂಜಿನಲ್ಲಿ ಮಣ್ಣಿನ ತಟ್ಟೆಗಳಿಗೆ ಸಣ್ಣ ಸೀಸದ ಚರೆ ಹಾರಿಸಲು ಹೊಸ ನಳಿಗೆಗೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಅಲ್ಲದೆ ಮುಂದಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟಾ ತುಂಬುವ ಪಂಪ್ ಕೋವಿಯ ನಳಿಗೆ ಸುಲಭವಾಗಿ ಬದಲಾದಂತೆ ಇದರದು ಬದಲಾಗದು. ಪ್ರತಿಯೊಂದನ್ನೂ ಅದೇ ಕೋವಿಗೆ ಕೈಯಿಂದ ಹೊಂದಿಸಬೇಕಾಗುತ್ತದೆ.

ಉಕ್ಕಿನ ಚರೆ ಹಳೆಯ ನಳಿಗೆಗೂ ಫುಲ್ ಚೋಕಿಗೂ ಸಲ್ಲದು. ಒಂಟಿ ಗುಂಡಿನ ಸ್ಲಗ್ಗಿನಲ್ಲಿ ಮೈಯ ಮೇಲೆ ಗೀರುಗಳಿರುವುದು ನಯವಾದ ಒಳಮೈಯ ನಳಿಗೆಗೆ. ಪ್ಲಾಸ್ಟಿಕ್ ಕವಚದೊಳಗೆ ಬರುವುದು ಸುರುಳಿ ಗೀರಿನ ನಳಿಗೆಗೆ. ಅಂಥ ಗೀರುನಳಿಗೆಯಲ್ಲಿ ಚರೆ ಹಾರಿಸಿದರೆ ಅದು ಸುತ್ತುತ್ತ ಹೊರಬಿದ್ದು, ನಡುವೆ ಖಾಲಿ ಬಿಟ್ಟು ಉಂಗುರದಂತೆ ಚದುರುತ್ತದೆ. ಇಪ್ಪತ್ತು ಬೋರಿನ ತೋಟಾವನ್ನಂತೂ ಇದೇ ಚೀಲದಲ್ಲಿ ಇಡಲೇಬೇಡಿ: ಬೋರಿನ ಸಂಖ್ಯೆ ಹೆಚ್ಚಿದಷ್ಟೂ ತೋಟಾ ಸಣ್ಣದಾದ್ದರಿಂದ ಅದು ನಿಮ್ಮ ನಳಿಗೆಯೊಳಗೆ ಜಾರಿ ಸಿಕ್ಕಿಕೊಂಡು, ಹಿಂದೆ ಹನ್ನೆರಡರ ತೋಟಾ ಕೂರುವಷ್ಟು ಜಾಗ ಬಿಡುತ್ತದೆ, ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ಮೊದಲ ಈಡಿಗೆ ಮುನ್ನ, ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ಚೇಂಬರಿನ ಉದ್ದವನ್ನು ಅಳೆಸಿ, ನಳಿಗೆಯ ಅಡಿಭಾಗದ ಪ್ರೂಫ್ ಮುದ್ರೆಗಳನ್ನು, ಅಂದರೆ ಒತ್ತಡದ ಪರೀಕ್ಷೆಯಲ್ಲಿ ತೇರ್ಗಡೆಯಾದ ಗುರುತುಗಳನ್ನು, ಓದಿಸಿ. ನಳಿಗೆಯ ಮೈಮೇಲೆ ಹೆಣೆದಂಥ ಸುರುಳಿ ಗೆರೆಗಳು ಕಂಡರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಹಳೆಯ ಡಮಾಸ್ಕಸ್ ನಳಿಗೆ ಆಗಿರಬಹುದು. ಪರೀಕ್ಷೆಯಾಗುವವರೆಗೆ ಅದಕ್ಕೆ ಈಗಿನ ಯಾವ ತೋಟಾವನ್ನೂ ಹಾಕಬೇಡಿ.