ಕೊನೇ ದಿನದ ಸ್ಕೋರ್ ನಂಬಬೇಡಿ

ರಿಕ್ರೂಟ್‌ಗಳಿಗೆ ಫೈರಿಂಗ್ ಕಲಿಸುತ್ತಿದ್ದ ಕಾಲದಲ್ಲಿ ಒಮ್ಮೆ ಎರಡು ಸ್ಕ್ವಾಡ್‌ಗಳಿಗೆ ಬೇರೆ ಬೇರೆ ರೀತಿ ತರಬೇತಿ ಕೊಟ್ಟೆವು. ಒಂದಕ್ಕೆ ಸಿಮ್ಯುಲೇಟರ್ (ಅಸಲಿ ಗುಂಡಿಲ್ಲದೆ ಫೈರಿಂಗ್ ಅನುಕರಿಸುವ ಯಂತ್ರ), ಇನ್ನೊಂದಕ್ಕೆ ಹಳೇ ಡ್ರೈ ಪ್ರಾಕ್ಟೀಸ್, ಅಂದರೆ ಖಾಲಿ ರೈಫಲ್ ಹಿಡಿದು ಅಭ್ಯಾಸ. ಸಿಮ್ಯುಲೇಟರ್ ಹುಡುಗರೇ ಗೆದ್ದರು. ಆಮೇಲೆ ವಿಚಾರಿಸಿದರೆ, ಅವರಲ್ಲಿ ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದು ಬಂದವರೇ ಜಾಸ್ತಿ! ಈಗ ಗೆಲುವು ಯಾರ ಲೆಕ್ಕಕ್ಕೆ?

ಅದಕ್ಕೇ ಮೊದಲ ದಿನವೇ ಎಲ್ಲರಿಂದ ಫೈರ್ ಮಾಡಿಸಿ, ಆಮೇಲೆ ಸ್ಕ್ವಾಡ್ ಹಂಚಬೇಕು. ಉಸ್ತಾದರನ್ನೂ, ಅಂದರೆ ಕಲಿಸುವವರನ್ನೂ, ಅದಲು ಬದಲು ಮಾಡಬೇಕು. ಒಬ್ಬ ಒಳ್ಳೇ ಉಸ್ತಾದ್ ಎಂಥ ಪದ್ಧತಿಯನ್ನೂ ಗೆಲ್ಲಿಸಿಬಿಡುತ್ತಾನೆ.

ಇನ್ನು ಏನನ್ನು ಅಳೆಯಬೇಕು? ಹೊಸಬನಲ್ಲಿ ನಾನು ನೋಡುವುದು ಗ್ರೂಪಿಂಗ್, ಅಂದರೆ ಗುಂಡುಗಳು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಅನ್ನುವುದು. ಐದೂ ಗುಂಡು ಟಾರ್ಗೆಟ್‌ನ ಮೂಲೆಯಲ್ಲಿ ಒತ್ತಾಗಿ ಬಿದ್ದಿದ್ದರೆ ಹುಡುಗ ಕಲಿತಿದ್ದಾನೆ, ರೈಫಲ್ಲಿನ ಸೈಟ್ (ಗುರಿ ಹಿಡಿಯುವ ಸಾಧನ) ಸರಿಮಾಡಿದರಾಯ್ತು. ಒಂದು ನಡುವೆ, ನಾಲ್ಕು ದಿಕ್ಕಾಪಾಲು ಅಂದರೆ ಆ ಒಂದು ಸುಮ್ನೆ ಅದೃಷ್ಟ. 25 ಮೀಟರಿನಲ್ಲಿ 4 ಸೆಂ.ಮೀ. ಹರಡಿದ ಗ್ರೂಪ್ 300 ಮೀಟರಿಗೆ ಹೋಗುವಷ್ಟರಲ್ಲಿ 48 ಸೆಂ.ಮೀ. ಆಗುತ್ತದೆ. ಒಬ್ಬ ಆಳಿನ ಎದೆಯಗಲವೇ ಮುಗಿಯಿತು, ಅಲ್ವಾ? ಅದೂ ಗಾಳಿಯಿಲ್ಲದ ದಿನ.

ಗ್ರೂಪಿಂಗ್ ಒಂದೇ ಸಾಲದು, ನಿಜ. ಅಮೆರಿಕದ ಸೇನೆ 1950ರ ದಶಕದಲ್ಲಿ ದುಂಡು ಗುರಿಗಳನ್ನು ಬಿಟ್ಟು, ಬೇರೆ ಬೇರೆ ದೂರದಲ್ಲಿ ತಟ್ಟನೆ ಏಳುವ ಆಳಿನಾಕಾರದ ಗುರಿಗಳಿಗೆ ಬಂತು. ದೂರ ಗೊತ್ತಿರುವ ಗುರಿಗೆ ನಿಧಾನವಾಗಿ ಹೊಡೆಯುವುದೇ ಬೇರೆ, ಎಲ್ಲಿ ಏಳುತ್ತದೋ ಗೊತ್ತಿಲ್ಲದ್ದನ್ನು ಹುಡುಕಿ ಹೊಡೆಯುವುದೇ ಬೇರೆ.

ಸಿಮ್ಯುಲೇಟರಿನ ಮೇಲೆ ನನಗೆ ಸಿಟ್ಟಿಲ್ಲ. ಉಸಿರು, ಟ್ರಿಗರ್ ಎರಡನ್ನೂ ಚೆನ್ನಾಗಿ ಕಲಿಸುತ್ತದೆ, ಗುಂಡಿನ ಖರ್ಚೂ ಇಲ್ಲ. ಆದರೆ ಕಿವಿಗೆ ಬಡಿಯುವ ಸದ್ದು, ಭುಜಕ್ಕೆ ಬೀಳುವ ಪೆಟ್ಟು ಪೂರ್ತಿ ಬರುವುದಿಲ್ಲ. ಹೆದರಿಕೆ ಇರುವುದೇ ಅಲ್ಲಿ.

ಅದನ್ನು ಹಿಡಿಯಲು ಹಳೇ ಉಪಾಯವಿದೆ. ಹುಡುಗನಿಗೆ ತಿಳಿಯದಂತೆ ಮ್ಯಾಗಜೀನ್‌ನಲ್ಲಿ ಅಸಲಿ ಗುಂಡುಗಳ ನಡುವೆ ಒಂದು ಡಮ್ಮಿ (ಸಿಡಿಯದ ನಕಲಿ ಗುಂಡು) ಸೇರಿಸುವುದು. ಟಕ್ ಅಂತ ಸದ್ದು, ಗುಂಡಿಲ್ಲ. ಆದರೂ ಬ್ಯಾರೆಲ್ ತುದಿ ಕೆಳಕ್ಕೆ ಕುಕ್ಕುತ್ತದೆ, ಕಣ್ಣು ಮುಚ್ಚಿರುತ್ತದೆ. “ಏನಾಯ್ತೋ?” ಅಂದರೆ “ಏನಿಲ್ಲ ಉಸ್ತಾದ್” ಅನ್ನುತ್ತಾನೆ. ಹತ್ತು ಡಮ್ಮಿಯಲ್ಲಿ ಎಷ್ಟು ಸಲ ಕುಕ್ಕಿತು ಅಂತ ಮೊದಲ ವಾರ ಬರೆದಿಡುತ್ತಿದ್ದೆ, ಕೊನೇ ವಾರ ಬರೆದಿಡುತ್ತಿದ್ದೆ. ಆಮೇಲೆ ಆರು ವಾರ ರೈಫಲ್ ಮುಟ್ಟದೆ ಬಂದ ಮೇಲೆ ಮತ್ತೊಮ್ಮೆ. ಎರಡು ಪದ್ಧತಿಗಳ ನಿಜವಾದ ವ್ಯತ್ಯಾಸ ಕಂಡಿದ್ದು ಆ ಮೂರನೇ ಕಾಲಮ್ಮಿನಲ್ಲೇ.